ದಾಟುಗಲ್ಲು

ಬೆಳ್ಳಿಹಾಳಕ್ಕೂ ಕರಕಿಹಾಳಕ್ಕೂ ನಡುವೆ ಎರಡು ಕೆಂಪು ಗುಡ್ಡಗಳಿವೆ. ಅವುಗಳ ಸಂದಿಯಲ್ಲಿ ಹಾದುಹೋಗುವ ಕಾಲುದಾರಿಯ ಮೊದಲಿಗೆ ಒಂದು ಹುಣಸೆಮರ, ಸುಣ್ಣ ಬಳಿದ ಗೂಡಿನಲ್ಲಿ ಒಂದು ದೀಪ. ಈ ಜಾಗಕ್ಕೆ ದಾಟುಗಲ್ಲು ಎನ್ನುತ್ತಾರೆ. ಗುರುವಾರ ಎರಡೂ ಊರಿನವರು ಇಲ್ಲಿಗೆ ಸಕ್ಕರೆ ಓದಿಸಲು, ಎಂದರೆ ಅದರ ಮೇಲೆ ಪ್ರಾರ್ಥನೆ ಹೇಳಿಸಿ ಹಂಚಲು, ಬರುತ್ತಾರೆ. ಹೆಸರು ಹೇಗೆ ಬಂತೆಂದು ಕೇಳಿದರೆ, ಇನಾಯತ್ ಶಾ ಎಂಬ ಸೂಫಿ ಸಂತರು ಇಲ್ಲಿ ಹೊಡೆದಾಟ ನಿಲ್ಲಿಸಿದರು ಎಂದು ಹೇಳಿ ಸುಮ್ಮನಾಗುತ್ತಾರೆ. ಅದು ಅರ್ಧ ಕಥೆ. ಉಳಿದರ್ಧ ಹೇಳಲು ನಮ್ಮವರಿಗೆ ನಾಲಿಗೆ ಹೊರಳುವುದಿಲ್ಲ, ನನಗೂ ಸಂಕಟವೇ.

ಹಿಂದೆ ಒಮ್ಮೆ, ಬಾದಶಹರ ಕಾಲದಲ್ಲಿ, ಚಿಶ್ತಿ ಪಂಥದ ಇನಾಯತ್ ಶಾ ಈ ಗುಡ್ಡಕ್ಕೆ ಬಂದು ನೆಲೆಸಿದರಂತೆ. ಜನ ಅವರನ್ನು ಇನಾತಜ್ಜ ಎಂದು ಕರೆದರು. ಕೂಸಿಗೆ ಹೆಸರಿಡಲು, ಎತ್ತು ಕೊಳ್ಳಲು, ಹೆಣ್ಣು ತರಲು, ಎಲ್ಲಕ್ಕೂ ಅಜ್ಜನ ಮಾತೇ ಬೇಕು. ಹಿಂದೂ, ಮುಸಲ್ಮಾನ ಎನ್ನದೆ ಎಲ್ಲರೂ ಅವರಿಗೆ ನಡೆದುಕೊಂಡರು, ಸಂತೋಷ; ಆದರೆ ತಮ್ಮ ಬುದ್ಧಿಯನ್ನೂ ಅವರ ಪಾದದ ಬಳಿಯೇ ಬಿಟ್ಟುಬಂದರು. ಒಂದು ವರ್ಷ ಹುಲ್ಲುಗಾವಲಿಗಾಗಿ ಎರಡೂ ಊರಿನ ಗಂಡಸರು ಕೊಡಲಿ ಹಿಡಿದು ಈ ಸಂದಿಯಲ್ಲಿ ಎದುರಾದರು. ಅಜ್ಜ ನಡುವೆ ನುಗ್ಗಿ ತಮ್ಮ ಬಿದಿರು ಕೋಲನ್ನು ದಾರಿಗೆ ಅಡ್ಡ ಇಟ್ಟರು. ಸಂದಿ ಎಷ್ಟು ಇಕ್ಕಟ್ಟೆಂದರೆ ಕೋಲು ಎರಡೂ ಕಡೆಯ ಬಂಡೆಗೆ ತಾಗಿತು. "ನಾ ಎತ್ತೂತನಕ ಇದನ್ನ ಯಾರೂ ದಾಟಬ್ಯಾಡ್ರಿ" ಎಂದರು. ಕೊಡಲಿಗಳು ಕೆಳಗಿಳಿದವು.

ಮರುದಿನವೇ ದೂರದ ಜಹಗೀರದಾರನಿಂದ ಪಲ್ಲಕ್ಕಿ ಬಂತು. ಅಜ್ಜ ಬೇರೆ ದಾರಿಯಿಂದ ಹೋದರು. ಅಲ್ಲಿ ಉಪದೇಶ, ಊಟ, ಉಪಚಾರಗಳಲ್ಲಿ ಎರಡು ತಿಂಗಳು ಕಳೆದವು. ಕೋಲಿನ ನೆನಪೇ ಹೋಯಿತು. ಇತ್ತ ಜಗಳ ತಣ್ಣಗಾಗಿತ್ತು, ಕೋಲು ಮಾತ್ರ ಇಟ್ಟಲ್ಲೇ ಇತ್ತು. ಅಜ್ಜನಿಗೆ ಹೇಳಿಕಳಿಸೋಣ ಎಂದವರ ಬಾಯನ್ನು, ಅವರಿಗೆ ತಿಳಿಯದ್ದು ಯಾವುದಿದೆ ಎಂದು ಹಿರಿಯರು ಮುಚ್ಚಿಸಿದರು.

ಆಗ ಬೆಳ್ಳಿಹಾಳದ ಕುರುಬರ ಬೀರವ್ವನ ಮಗಳು ಪಾರವ್ವನಿಗೆ ಚೊಚ್ಚಲ ಹೆರಿಗೆಯ ನೋವು ಶುರುವಾಯಿತು. ಕೂಸು ಅಡ್ಡ ತಿರುಗಿತ್ತು. ಕೈಗುಣವಿದ್ದ ಸೂಲಗಿತ್ತಿ ಮೌಲಾಬಿ ಕರಕಿಹಾಳದವಳು. ಬೀರವ್ವ ಸಂದಿಗೆ ಓಡಿಬಂದು ಕೂಗಿದಳು. ಮೌಲಾಬಿಯೂ ಓಡಿಬಂದು ಆಚೆ ನಿಂತಳು. ಇಬ್ಬರ ನಡುವೆ ಹೆಬ್ಬೆರಳು ದಪ್ಪದ ಬಿದಿರು.

"ದಾಟಿ ಬಾ ಯಕ್ಕಾ, ನನ್ನ ಮಗಳು ಸಾಯ್ತಾಳ!"

"ಹೆಂಗ ದಾಟ್ಲಿ ಬೀರವ್ವಾ? ಅಜ್ಜಾರ ಮಾತ ಮೀರಿ ಬಂದ ಕೈಯಿಂದ ಕೂಸು ಮುಟ್ಟಿದ್ರ ಕೂಸಿಗೆ ಒಳ್ಳೇದಾಕ್ಕೈತೇನು?"

ಬೀರವ್ವನೇ ಕೋಲನ್ನು ಎತ್ತಿ ಎಸೆಯಬಹುದಿತ್ತು. ಅವಳಿಗೂ ಕೈ ಬರಲಿಲ್ಲ. ಮೌಲಾಬಿ ಗುಡ್ಡ ಸುತ್ತಿಕೊಂಡು ಓಡಿದಳು. ಅವಳು ಬೀರವ್ವನ ಮನೆ ಮುಟ್ಟುವಷ್ಟರಲ್ಲಿ ತಾಯಿ, ಕೂಸು ಇಬ್ಬರೂ ಹೋಗಿದ್ದರು.

ಅಜ್ಜ ಹಿಂದಿರುಗಿದಾಗ ಬೀರವ್ವ ಕೋಲಿನ ಪಕ್ಕದಲ್ಲೇ ಕೂತಿದ್ದಳು. ಬೈಯಲಿಲ್ಲ, ಅಳಲಿಲ್ಲ. "ಇದು ಎಂಥಾ ಪರೀಕ್ಷೆ ಇತ್ತರೀ ಅಜ್ಜಾ?" ಎಂದಷ್ಟೇ ಕೇಳಿದಳು.

"ಪರೀಕ್ಷೆ ಅಲ್ಲವ್ವಾ. ನಾ ಮರತೆ" ಎಂದರು ಅಜ್ಜ.

ಅವಳು ನಂಬಲಿಲ್ಲ. ಬರೀ ಮರೆವಿಗೆ ಮಗಳನ್ನು ಕಳೆದುಕೊಂಡೆನೆಂದು ಯಾವ ತಾಯಿ ತಾನೇ ಒಪ್ಪಿಯಾಳು? ಊರೂ ನಂಬಲಿಲ್ಲ; ದೊಡ್ಡವರ ವಿನಯ ಎಂದಿತು. ಅಜ್ಜ ಕೋಲನ್ನು ಮುರಿದು ಎಸೆದರೆ ಜನ ಚೂರುಗಳನ್ನು ಕಣ್ಣಿಗೊತ್ತಿಕೊಂಡು ಮನೆಗೆ ಒಯ್ದರು. ಆಮೇಲೆ ಬದುಕಿದಷ್ಟು ದಿನ ಅವರು ಯಾರಿಗೂ ಇದನ್ನು ಮಾಡಿ, ಅದು ಬೇಡ ಎಂದು ಹೇಳಲಿಲ್ಲ ಎನ್ನುತ್ತಾರೆ. ಸಾಯುವಾಗ ಮಾತ್ರ ಒಂದು ಮಾತು ತೆಗೆದುಕೊಂಡರು: ಕೋಲು ಇಟ್ಟಿದ್ದ ಜಾಗದಲ್ಲೇ ತಮ್ಮನ್ನು ದಾರಿಗೆ ಅಡ್ಡವಾಗಿ ಹೂಳಬೇಕು, ಗುಮ್ಮಟ ಕಟ್ಟದೆ ಚಪ್ಪಟೆ ಕಲ್ಲು ಹಾಸಬೇಕು, ಹೋಗುವವರು ಬರುವವರು ಅದನ್ನು ದಾಟಿಕೊಂಡೇ ಹೋಗಬೇಕು. ಹಾಗೆಯೇ ಹೂಳಿದರು. ಕಲ್ಲಿಗೆ ಆ ಹೆಸರು ನಿಂತಿತು.

ಕಲ್ಲು ಇವತ್ತಿಗೂ ಅಲ್ಲೇ ಇದೆ, ಮೇಲೆ ಹಸಿರು ಚಾದರ, ಮಲ್ಲಿಗೆ. ನೋಡಲು ಬಂದವರಿಗೆ ಇನ್ನೊಂದೂ ಕಾಣುತ್ತದೆ. ಕಲ್ಲಿನ ಹತ್ತಿರ ಬಂದ ಕಾಲುದಾರಿ ಬಲಕ್ಕೆ ಹೊರಳಿ, ಬಂಡೆ ಕಡಿದು ಮಾಡಿದ ಕಿರಿದಾದ ಜಾಗದಲ್ಲಿ ಕಲ್ಲನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ಆ ಬಂಡೆ ಕಡಿಯಲು ಮೂರು ತಲೆಮಾರು ಹಿಡಿಯಿತಂತೆ, ಅಲ್ಲಿಯವರೆಗೆ ಜನ ಗುಡ್ಡ ಸುತ್ತಿಯೇ ಓಡಾಡಿದರಂತೆ. ಬಸುರಿ ಹೆಂಗಸರೂ ಅಲ್ಲೇ ಮೈ ಅಡ್ಡ ಮಾಡಿ ನುಸುಳುತ್ತಾರೆ. ಕಲ್ಲನ್ನು ದಾಟಿದವರೊಬ್ಬರನ್ನೂ ನಾನು ಕಂಡಿಲ್ಲ. ಇಷ್ಟೆಲ್ಲ ಬರೆಯುತ್ತಿರುವ ನಾನೂ ದಾಟಿಲ್ಲ.