ಗಿಲಾವು ಬಳಿದ ಕಂದಕ

ಹೊಳೆದಂಡೆಯ ಆಶ್ರಮಕ್ಕೆ ಬರುವ ಮೊದಲು ಹಾಲಪ್ಪ ಗಾರೆ ಕೆಲಸದವನು. ಮನೆ ಬಿಟ್ಟು ಬಂದ. ಕರಣೆ ಬಿಟ್ಟು ಬರಲಿಲ್ಲ.

ಸುತ್ತಲಿನ ಹಳ್ಳಿಯ ಮಕ್ಕಳು ಆಶ್ರಮದ ಬೇವಿನ ಮರದಡಿ ಓದುತ್ತಿದ್ದರು. ಅವರಿಗೊಂದು ಪಾಠಶಾಲೆ ಕಟ್ಟಬೇಕೆಂಬುದು ಹಾಲಪ್ಪನ ಒಂದೇ ಆಸೆ. ಆರು ವರ್ಷ ಕಲ್ಲು ಹೊತ್ತು ರಾಶಿ ಹಾಕಿದ್ದ. ಬರುವ ಸೋಮವಾರ ಹಳ್ಳಿಯವರು ಸೇರಿ ಬುನಾದಿ ತೆಗೆಯುವುದೆಂದು ಮಾತಾಗಿತ್ತು.

ಗುರು ಮರುಳಯ್ಯನವರನ್ನು ಕರೆದೊಯ್ದು ಜಾಗ ತೋರಿಸಿದ.

ಗುಡ್ಡದ ಬುಡ. ಮಟ್ಟಸ ನೆಲ. ಮೂರು ಒರತೆಗಳು ಒಂದೇ ಸಾಲಿನಲ್ಲಿ.

“ನೋಡಿ ಗುರುಗಳೇ, ದಾರ ಹಿಡಿದ ಹಾಗಿವೆ. ಬುನಾದಿಗೆ ಗೆರೆ ಹಾಕುವ ಕೆಲಸ ತಪ್ಪಿತು. ಮಕ್ಕಳಿಗೆ ಬಾಗಿಲಲ್ಲೇ ನೀರು.”

ಮರುಳಯ್ಯ ಒರತೆಯಿಂದ ಒರತೆಗೆ ನಡೆದರು. ತಿರುಗಿ ಬಂದರು.

“ದಾರ ಹಿಡಿದವರು ಯಾರು?”

ಹಾಲಪ್ಪ ಒಂದು ಕಣ್ಣು ಮುಚ್ಚಿ ಸಾಲಿನುದ್ದಕ್ಕೆ ನೋಡಿದ.

“ಈ ಸಾಲಿಗೆ ಅಡ್ಡವಾಗಿ ಒಂದು ಕಂದಕ ತೋಡು. ಒಂದೂವರೆ ಆಳು ಆಳ. ಅದರ ಗೋಡೆ ನನಗೆ ತೋರಿಸು.”

ಹಾಲಪ್ಪ ಮೂರು ದಿನ ತೋಡಿದ. ನಾಲ್ಕನೆಯ ದಿನ ಬೆಳಿಗ್ಗೆ ಓಡಿಬಂದು ಗುರುಗಳನ್ನು ಕರೆದ.

ಮರುಳಯ್ಯ ಕಂದಕಕ್ಕೆ ಇಳಿದರು. ಗೋಡೆ ಕನ್ನಡಿಯಂತಿತ್ತು. ಉಬ್ಬಿಲ್ಲ, ತಗ್ಗಿಲ್ಲ. ತೂಗುಗುಂಡು ಇಳಿಬಿಟ್ಟರೆ ಕೂದಲೆಳೆಯೂ ತಪ್ಪದು.

“ಏನಿದು?”

“ಮಣ್ಣಿನ ಗಿಲಾವು. ನೀವು ನೋಡುವ ಗೋಡೆ ಒರಟಾಗಿದ್ದರೆ ಹೇಗೆ? ಎರಡು ಕೈ ಬಳಿದೆ.”

ಮರುಳಯ್ಯ ಗೋಡೆ ನೋಡಿದರು. ಹಾಲಪ್ಪನನ್ನು ನೋಡಿದರು. ನಗು ತಡೆಯಲಾಗದೆ ಕಂದಕದಲ್ಲೇ ಕುಳಿತುಬಿಟ್ಟರು.

“ಬಂದ ಪತ್ರ ತಂದುಕೊಡು ಅಂದರೆ, ಅದಕ್ಕೆ ಸುಣ್ಣ ಬಳಿದು ತಂದಿದ್ದೀಯಲ್ಲೋ!”

ಹಾಲಪ್ಪನ ಕಿವಿ ಕೆಂಪಾಯಿತು.

ಗುರುಗಳು ಅವನ ಕರಣೆ ತೆಗೆದುಕೊಂಡು ಅಂಗೈ ಅಗಲ ಗಿಲಾವು ಕೆರೆದರು. ಒಳಗೊಂದು ಬಿಳಿ ಪಟ್ಟೆ ಕಂಡಿತು.

“ಬಳಿದ ಕೈಯೇ ಕೆರೆಯಲಿ,” ಎಂದು ಮೇಲೆ ಹತ್ತಿ ಹೋದರು.

ಹಾಲಪ್ಪ ಅಂದು ಕತ್ತಲಾಗುವವರೆಗೆ ಕೆರೆದ. ಮರುದಿನವೂ ಕೆರೆದ. ಗೋಡೆ ಬಾಯಿ ಬಿಟ್ಟಿತು. ಕಪ್ಪು ಮಣ್ಣು, ಬಿಳಿ ಮರಳು. ಮತ್ತೆ ಕಪ್ಪು, ಮತ್ತೆ ಬಿಳಿ. ಬಿಳಿ ಮರಳು ಅಂದರೆ ದೊಡ್ಡ ನೆರೆ ಬಿಟ್ಟುಹೋದದ್ದು. ಅಂಥ ನೆರೆ ತಲೆಮಾರಿಗೊಂದು ಎಂದು ಊರ ಹಿರಿಯರು ಹೇಳುತ್ತಿದ್ದರು.

ನಟ್ಟನಡುವೆ, ಒರತೆಗಳ ಸಾಲಿನ ನೇರಕ್ಕೇ, ಓರೆಯಾಗಿ ಒಂದು ಬಿರುಕು. ಅಲ್ಲಿ ಪದರಗಳು ಕಡಿದಿದ್ದವು. ಗುಡ್ಡದ ಕಡೆಯ ತುಂಡು ಮೇಲೆ, ಹೊಳೆಯ ಕಡೆಯ ತುಂಡು ಕೆಳಗೆ. ಹಾಲಪ್ಪ ಗೇಣು ಹಾಕಿದ. ಬಿರುಕಿನ ಮೇಲ್ತುದಿಯಲ್ಲಿ ಒಂದು ಗೇಣು ವ್ಯತ್ಯಾಸ. ಅದಕ್ಕಿಂತ ಕೆಳಗೆ ಎರಡು. ತೀರಾ ಅಡಿಯಲ್ಲಿ ಮೂರು ಗೇಣು, ನಾಲ್ಕು ಬೆರಳು. ಬಿರುಕಿನ ಮೇಲಿನ ಪದರಗಳು ಮಾತ್ರ ಏನೂ ಆಗದವರಂತೆ ಉದ್ದಕ್ಕೆ ಮಲಗಿದ್ದವು.

ಗುರುಗಳು ಬಂದು ಇಣುಕಿದರು.

“ಗುರುಗಳೇ, ನೆಲ ಒಮ್ಮೆ ಕುಸಿದಿದ್ದರೆ ಎಲ್ಲ ಪದರವೂ ಒಂದೇ ಅಳತೆ ಇಳಿಯಬೇಕು. ಇಲ್ಲಿ ಒಂದೊಂದು ಒಂದೊಂದು ಥರ. ಯಾವ ಮೇಸ್ತ್ರಿಯ ಕೆಲಸ ಇದು?”

“ಇವರಲ್ಲಿ ಹಿರಿಯರು ಯಾರು?”

“ಅಡಿಯವರು. ಮೊದಲು ಬಂದು ಕೂತವರು.”

“ಹಿರಿಯರಿಗೆ ಯಾಕಪ್ಪಾ ಪೆಟ್ಟು ಹೆಚ್ಚು?”

ಹಾಲಪ್ಪ ಗುರುಗಳ ಬಾಗಿದ ಬೆನ್ನು ನೋಡಿದ. ಗೋಡೆ ನೋಡಿದ. ಕರಣೆ ಕೈಜಾರಿತು.

“ಹೆಚ್ಚು ಕಾಲ ಇದ್ದಾರೆ! ಮೂರು ಸಲ, ಗುರುಗಳೇ! ನೆಲ ಮೂರು ಸಲ ಜಾರಿದೆ. ಅಡಿಯವರು ಮೂರು ಪೆಟ್ಟೂ ತಿಂದರು. ನಡುವಿನವರು ಎರಡು ತಿಂದರು. ಅವರ ಮೇಲಿನವರಿಗೆ ಒಂದೇ. ತೀರಾ ಮೇಲಿನವರು ಆಗಿನ್ನೂ ಹುಟ್ಟಿರಲಿಲ್ಲ!”

ಕಂದಕದೊಳಗೇ ಕುಣಿದ. ಹುಲ್ಲು ಹೊರೆ ಹೊತ್ತು ಹೋಗುತ್ತಿದ್ದ ಮುದುಕಿ ಕೆಂಚವ್ವ ಬಗ್ಗಿ ನೋಡಿದಳು.

“ಏನಪ್ಪಾ, ನಿಧಿ ಸಿಕ್ಕಿತಾ?”

“ಸಿಕ್ಕಿತು ಕೆಂಚವ್ವ! ಮೂರು ಭೂಕಂಪ!”

“ನೀನೇ ಇಟ್ಟುಕೋ,” ಎಂದು ಹೊರೆ ಸರಿಪಡಿಸಿಕೊಂಡು ಹೊರಟಳು.

ಹಾಲಪ್ಪ ನೆರೆಯ ಪಟ್ಟೆಗಳನ್ನು ಎಣಿಸಿದ. ಮೊದಲ ಜಾರಿಕೆಗೂ ಎರಡನೆಯದಕ್ಕೂ ನಡುವೆ ಆರು. ಎರಡಕ್ಕೂ ಮೂರಕ್ಕೂ ನಡುವೆ ಐದು. ಮೂರನೆಯದು ಆದಮೇಲೆ ಏಳು.

ಅವನ ಮುಖ ಅರಳಿತು. ಸೋಮವಾರ ಬಂದೇಬಿಟ್ಟಂತಾಯಿತು.

“ಏಳು ತಲೆಮಾರಾದರೂ ಸುಮ್ಮನಿದೆ. ಮುಗಿದ ಕಥೆ, ಗುರುಗಳೇ. ಬುನಾದಿ ಇಲ್ಲೇ ಹಾಕೋಣ.”

ಗುರುಗಳು ತಲೆಯೆತ್ತಿ ಸೂರ್ಯನನ್ನು ನೋಡಿದರು.

“ಊಟ ಆಯಿತೇ?”

“ಎಲ್ಲಿ? ಕೆರೆಯುವುದರಲ್ಲಿ ಮರೆತೆ.”

“ದಿನಾ ಎಷ್ಟೊತ್ತಿಗೆ ಉಣ್ಣುತ್ತೀಯ?”

“ಸೂರ್ಯ ನೆತ್ತಿಗೆ ಬಂದಾಗ. ಒಂದಿಷ್ಟು ಹಿಂದೆ ಮುಂದೆ.”

“ಸೂರ್ಯ ಇಳಿದಾಯಿತು. ಹಾಗಾದರೆ ನೀನು ಊಟ ಬಿಟ್ಟವನು.”

“ಬಿಡುವುದುಂಟೇ! ಹೊಟ್ಟೆ ತಾಳ ಹಾಕುತ್ತಿದೆ. ಈಗ ಕೊಟ್ಟರೆ ಎರಡು ಮುದ್ದೆ…”

ಹಾಲಪ್ಪ ನಿಧಾನವಾಗಿ ಬಿರುಕಿನ ಕಡೆ ತಿರುಗಿದ.

“ಆರಕ್ಕೊಮ್ಮೆ, ಐದಕ್ಕೊಮ್ಮೆ ಉಂಡಿದೆ, ಈಗ ಏಳು. ಮತ್ತೆ ಯಾವಾಗ, ಗುರುಗಳೇ?”

“ಗೊತ್ತಿಲ್ಲ. ನಾಳೆಯೋ, ಈ ಮಕ್ಕಳ ಮೊಮ್ಮಕ್ಕಳ ಕಾಲಕ್ಕೋ. ಅದು ಗಂಟೆ ಕೇಳಿ ಎಲೆಗೆ ಕೂರುವುದಿಲ್ಲ.”

ಹಾಲಪ್ಪ ಕಂದಕದ ಅಂಚಿನಲ್ಲಿ ಕುಳಿತ. ಎದುರಿಗೆ ಆರು ವರ್ಷದ ಕಲ್ಲಿನ ರಾಶಿ.

“ಎಲ್ಲ ಇಲ್ಲಿಗೇ ಹೊತ್ತು ಹಾಕಿದ್ದೇನೆ,” ಎಂದ ಮೆಲ್ಲಗೆ.

ಮರುಳಯ್ಯ ರಾಶಿಯಿಂದ ಒಂದು ಕಲ್ಲು ಎತ್ತಿದರು. ಹೆಗಲಿಗಿಟ್ಟುಕೊಂಡು ಗುಡ್ಡ ಹತ್ತಿದರು. ಇನ್ನೂರು ಹೆಜ್ಜೆಯಾಚೆ ಬಂಡೆಯ ದಿಣ್ಣೆ. ಅಲ್ಲಿ ಕಲ್ಲಿಳಿಸಿ, ಮತ್ತೊಂದಕ್ಕೆ ಇಳಿದು ಬಂದರು.

ಹಾಲಪ್ಪ ಎದ್ದ. ಎರಡು ಕಲ್ಲು ಎತ್ತಿದ.

ಸೋಮವಾರ ಹಳ್ಳಿ ನೆರೆಯಿತು.

“ನಿನ್ನ ನಿಧಿಯ ಮೇಲೆ ಕಟ್ಟುವುದಿಲ್ಲವೇನೋ?” ಕೆಂಚವ್ವ ಕೇಳಿದಳು.

“ಅದು ಹಸಿದಿದೆ, ಅವ್ವಾ.”

“ಹಾಗಾದರೆ ದೂರವೇ ಇರು, ನೀನೂ ಹಸಿದವನೇ,” ಎಂದಳು. ಜನ ಗೊಳ್ಳೆಂದರು. ಕಲ್ಲುಗಳು ಕೈಯಿಂದ ಕೈಗೆ ದಿಣ್ಣೆ ಹತ್ತಿದವು. ಮೊದಲ ಕೈಯಲ್ಲಿ ಹಾಡು ಹುಟ್ಟಿದರೆ ಕೊನೆಯ ಕೈಗೆ ಹೋಗುವಷ್ಟರಲ್ಲಿ ಅದಕ್ಕೆ ನಾಲ್ಕು ಸಾಲು ಸೇರಿರುತ್ತಿತ್ತು.

ನೆಲ ಸೀಳುವುದು ಬಿರುಕಿನಲ್ಲಿ. ನಡುಕ ದಿಣ್ಣೆಗೂ ಬಂದೀತು. ಹಾಲಪ್ಪ ಪಾಠಶಾಲೆಯ ಗೋಡೆ ಗಿಡ್ಡ ಮಾಡಿದ. ನಡುನಡುವೆ ಮರದ ಪಟ್ಟಿ ಕಟ್ಟಿದ. ಮೇಲೆ ಹಗುರ ಹುಲ್ಲು ಹೊದಿಸಿದ. ಕಂದಕ ಮುಚ್ಚಿ ನೆಲ ಮಟ್ಟ ಮಾಡಿದ.

ಒಂದೇ ಕೊರತೆ, ನೀರು. ಬಾಯಾರಿದರೆ ಮಕ್ಕಳು ಒರತೆಗೆ ಇಳಿಯಬೇಕಿತ್ತು.

ಮಕ್ಕಳಿಗೆ ಅದೇ ಬೇಕಾಗಿತ್ತು. ನೀರು ಕುಡಿಯಲು ಹೋದವರು ಮಟ್ಟಸ ನೆಲ ಕಂಡು ಅಲ್ಲೇ ಉಳಿದರು. ಮೊದಲ ದಿನವೇ ಕಬಡ್ಡಿ. ಒರತೆಯ ಸಾಲೇ ನಡುಗೆರೆ.

ಸಂಜೆ ಹಾಲಪ್ಪ ಗುರುಗಳ ಜೊತೆ ದಿಣ್ಣೆಯಲ್ಲಿ ನಿಂತು ನೋಡಿದ. ಕೇಕೆ ಗುಡ್ಡಕ್ಕೆ ಬಡಿದು ಮರಳುತ್ತಿತ್ತು. ಅವನ ಮನಸ್ಸು ತುಂಬಿ ಬಂತು. ಆಮೇಲೆ ಸಣ್ಣ ಭಯವೂ ಬಂತು.

“ಗುರುಗಳೇ, ಅವರು ಆಡುತ್ತಿರುವಾಗಲೇ ನೆಲ ಜಾರಿದರೆ?”

ಕೆಳಗೆ ಒಬ್ಬಳು ಹುಡುಗಿ ಮುಗ್ಗರಿಸಿ ಬಿದ್ದಳು. ಮೊಣಕಾಲಿನ ಮಣ್ಣು ಕೊಡವಿ, ನಗುತ್ತ ಎದ್ದು ಓಡಿದಳು.

ಮರುಳಯ್ಯ ಅವಳನ್ನೇ ನೋಡುತ್ತ ಹೇಳಿದರು:

“ಬಿದ್ದು ಏಳುವ ವಿದ್ಯೆ ಇವರಿಗೆ ಬರುತ್ತದೆ, ಹಾಲಪ್ಪ. ನಿನ್ನ ಗೋಡೆಗೆ ಬರುವುದಿಲ್ಲ.”