ಮೇಷ್ಟ್ರ ಕೈಗೆ ಬಂದ ಸೇರು

"ಬುದ್ಧಿ, ಮಕ್ಕಳು ಓದಿನಲ್ಲಿ ಮುಂದೆ ಬಂದ ಮನೆಗಷ್ಟೇ ಇನ್ಮೇಲೆ ಮಠದ ರಾಗಿ ಕೊಟ್ಟರೆ ಹೇಗೆ? ಸುಮ್ಮನೆ ಸಿಕ್ಕಿದರೆ ಯಾರು ಓದ್ತಾರೆ?" ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ ಮಧ್ಯಾಹ್ನದ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ಕೇಳಿದ.

ಗುರುಗಳು ಗೋಡೆಗೆ ಒರಗಿ ಕೂತು ಕತೆ ಶುರು ಮಾಡಿದರು.

ಒಬ್ಬ ವರ್ತಕ ಹಾಗೇ ಮಾಡಿದ. ತನ್ನೂರ ಶಾಲೆಗೆ ಮೂಟೆಗಟ್ಟಲೆ ರಾಗಿ ಇಳಿಸಿ, ಅಳೆಯುವ ಸೇರನ್ನು ಮೇಷ್ಟ್ರ ಕೈಗೆ ಕೊಟ್ಟ. ಶನಿವಾರ ಪಾಠ ಒಪ್ಪಿಸಿದ ಮಗುವಿಗೆ ರಾಗಿ, ತಪ್ಪಿದ ಮಗುವಿಗೆ ಖಾಲಿ ಚೀಲ.

ಮೊದಲ ವಾರವೇ ಒಬ್ಬ ಹುಡುಗಿ ಎರಡನೇ ಸಾಲಿಗೆ ತಡವರಿಸಿ ನಿಂತಳು. ಮೇಷ್ಟ್ರ ಕಣ್ಣು ಅವಳ ಚೀಲದ ಮೇಲೆ ಬಿತ್ತು. ಬಾಗಿಲಲ್ಲಿ ಅವಳ ತಾಯಿ, ಸೊಂಟದ ಮೇಲೆ ಅಳುವ ಕೂಸು. "ಸರಿಯಾಗಿದೆ, ಹೋಗು" ಅಂತ ಮೇಷ್ಟ್ರು ಸೇರು ತುಂಬಿ ಸುರಿದುಬಿಟ್ಟರು. ಒಬ್ಬಳಿಗೆ ಸರಿ ಅಂದ ಮೇಲೆ ಇನ್ನೊಬ್ಬರಿಗೆ ತಪ್ಪು ಅನ್ನೋದು ಹೇಗೆ? ತಿಂಗಳೊಳಗೆ ಆ ಊರಲ್ಲಿ ಒಂದು ದಡ್ಡ ಮಗುವೂ ಉಳಿಯಲಿಲ್ಲ. ಶಾಲೆಯ ಕಂಬಕ್ಕೆ ಕಟ್ಟಿದ್ದ ಮೇಕೆ ಮ್ಯಾ ಅಂದದ್ದಕ್ಕೂ ಒಂದು ಸೇರು ಸಿಕ್ಕಿತು.

ಶಿಷ್ಯ ನಕ್ಕ.

"ನಗಬೇಡ, ಆ ಮೇಕೆ ನಾನು ಕಂಡದ್ದೇ. ಮೂರನೇ ಕ್ಲಾಸು ಪಾಸಾಗಿತ್ತು" ಅಂದರು ಗುರುಗಳು.

ವರ್ತಕ ಊರೂರಲ್ಲಿ ಜಂಬ ಕೊಚ್ಚಿಕೊಂಡ. ಒಂದು ದಿನ ನೆಂಟರ ಎದುರು ಅದೇ ಹುಡುಗಿಯನ್ನು ಕರೆದು, ಓದಮ್ಮ ಅಂದ. ಅವಳಿಗೆ ತನ್ನ ಹೆಸರೇ ಓದಲು ಬರಲಿಲ್ಲ. ಮಾನ ಹೋದ ವರ್ತಕ ಸೀದಾ ಶಾಲೆಗೆ ನುಗ್ಗಿದ.

"ಏನ್ ಮೇಷ್ಟ್ರೇ, ನನ್ನ ರಾಗಿ ಅಳೆದು ನನಗೇ ಸುಳ್ಳು ಹೇಳ್ತೀರಾ?"

"ಹೇಳಿದೆ ಸ್ವಾಮಿ. ನಾನು ತಪ್ಪು ಅಂದರೆ ಅವಳ ಮನೇಲಿ ಒಲೆ ಹತ್ತಲ್ಲ. ಈ ಶನಿವಾರ ಸೇರು ನೀವೇ ಹಿಡೀರಿ, ತಪ್ಪು ಅಂತ ನೀವೇ ಅಂದುಬಿಡಿ."

ವರ್ತಕ ಸೇರು ಹಿಡಿದು ಕೂತ. ಹುಡುಗಿ ತಡವರಿಸಿದಳು. ಬಾಗಿಲಲ್ಲಿ ಕೂಸು ಅತ್ತಿತು. ತಪ್ಪು ಅನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡು ಚೀಲ ತುಂಬಿದ. "ಮುಂದಿನ ವಾರದಿಂದ ಎಲ್ಲರಿಗೂ ಮೊದಲು ರಾಗಿ, ಆಮೇಲೆ ಪಾಠ" ಅಂದು ಎದ್ದು ಹೋದ.

ಆ ಮುಂದಿನ ಶನಿವಾರ ತುಂಬಿದ ಚೀಲ ಪಕ್ಕಕ್ಕಿಟ್ಟುಕೊಂಡು ಕೂತ ಹುಡುಗಿ ಕೈ ಎತ್ತಿದಳು. "ಮೇಷ್ಟ್ರೇ, ನನಗಿದು ಬರಲ್ಲ. ಹೇಳಿಕೊಡಿ." ರಾಗಿ ಬಂದಾಗಿನಿಂದ ಆ ಶಾಲೆಯಲ್ಲಿ ಯಾವ ಮಗುವೂ ಆ ಮಾತು ಆಡಿರಲಿಲ್ಲ.

ಶಿಷ್ಯ ಜೋರಾಗಿ ತಲೆಯಾಡಿಸಿದ. "ಅರ್ಥವಾಯ್ತು ಬುದ್ಧಿ."

"ನಿನ್ನ ಊಟ ಹೇಗೂ ಆಗಿದೆ," ಗುರುಗಳು ಅಂದರು, "ಈಗ ನಿಜ ಹೇಳು, ಅರ್ಥವಾಯ್ತಾ?"