ರೆಪ್ಪೆಗೂದಲನ್ನೂ ಬಿಡದ ಲೆನ್ಸು

"ಗುರುಗಳೇ, ಒಂದು ಪ್ರೈಮ್ ಲೆನ್ಸ್ ಕೊಳ್ಳಬೇಕು ಅಂತಿದ್ದೀನಿ. ದುಬಾರಿಯದ್ದೇ ಕೊಳ್ಳಲೋ, ಅಗ್ಗದ್ದು ಸಾಕೋ?" ಎಂದು ತಿಪ್ಪೇಶ ಕೇಳಿದ.

ತಿಪ್ಪೇಶ ನಾಗಭೂಷಣ ಮೇಷ್ಟ್ರ ಬಳಿ ಫೋಟೋ ತೆಗೆಯುವುದನ್ನು ಕಲಿಯುತ್ತಿದ್ದ. ಹೊಸದಾಗಿ ಮಿರರ್‌ಲೆಸ್ ಕ್ಯಾಮೆರಾ ಕೊಂಡಿದ್ದ. ಅದಕ್ಕೆ ಜೂಮ್ ಇಲ್ಲದ, ಮನುಷ್ಯರ ಮುಖ ತೆಗೆಯಲು ಒದಗುವ ಲೆನ್ಸೊಂದು ಬೇಕಿತ್ತು. ಎರಡು ಲೆನ್ಸುಗಳ ನಡುವೆ ಅವನ ಮನಸ್ಸು ತೂಗಾಡುತ್ತಿತ್ತು. ಒಂದು ಕೈಗೆಟುಕುವ ಬೆಲೆಯದು. ಇನ್ನೊಂದರ ಬೆಲೆ ಅದರ ಹಲವು ಪಟ್ಟು. ಎರಡರ ಬಗ್ಗೆಯೂ ಅವನು ಸಿಕ್ಕಿದ್ದೆಲ್ಲ ಓದಿದ್ದ, ವೀಡಿಯೊ ನೋಡಿದ್ದ, ಕಂಡಕಂಡವರನ್ನು ಕೇಳಿದ್ದ. ತೀರ್ಮಾನಕ್ಕೆ ಬರಲು ಆಗಿರಲಿಲ್ಲ.

ಮೇಷ್ಟ್ರು ಎರಡರ ಗುಣದೋಷ ಹೇಳಲು ಹೋಗಲಿಲ್ಲ. ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಛಾಯಾಗ್ರಾಹಕನಿದ್ದ. ಮದುವೆಗಳ ಫೋಟೋ ತೆಗೆದು ಬದುಕುತ್ತಿದ್ದ. ಅವನ ಹತ್ತಿರ ಇದ್ದದ್ದು ಒಂದು ಅಗ್ಗದ ಪ್ರೈಮ್ ಲೆನ್ಸ್. ಪ್ಲಾಸ್ಟಿಕ್ ಮೈಯದು, ಹಗುರವಾದದ್ದು, ಮುಷ್ಟಿಯಲ್ಲಿ ಅಡಗುವಂಥದ್ದು. ಬೆಳಕಿದ್ದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಬೆಳಕು ಕಡಿಮೆಯಾದರೆ ಮಾತ್ರ ತಡಕಾಡುತ್ತಿತ್ತು. ಫೋಕಸ್ ಹಿಡಿಯಲು ಗುಂಯ್ ಎಂದು ಮುಂದೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು, ಹಿಡಿದದ್ದನ್ನು ಮತ್ತೆ ಬಿಟ್ಟುಬಿಡುತ್ತಿತ್ತು. ಕಲ್ಯಾಣ ಮಂಟಪಗಳಲ್ಲಿ ಮದುಮಗಳಿಗೆ ಕೊಡುವ ಕೋಣೆ ಸಾಮಾನ್ಯವಾಗಿ ಕತ್ತಲೆಯದು.

ಆದ್ದರಿಂದ ಅವನು ಒಂದು ರೂಢಿ ಮಾಡಿಕೊಂಡಿದ್ದ. ಮದುಮಗಳನ್ನು ಕಿಟಕಿಯ ಬಳಿ ಕೂರಿಸುತ್ತಿದ್ದ. ಲೆನ್ಸ್ ತಡಕಾಡಿ ಮುಗಿಸುವ ತನಕ ಅವಳು ಕೂತಲ್ಲೇ ಕೂತಿರಲಿ ಎಂದು ಮಾತಿಗೆ ಎಳೆಯುತ್ತಿದ್ದ. ಯಾವೂರಮ್ಮ, ಏನು ಓದಿದ್ದೀಯ, ಇಷ್ಟು ಚೆಂದ ಜಡೆ ಹಾಕಿದವರು ಯಾರು ಎಂದು ಕೇಳುತ್ತಿದ್ದ. ಮದುಮಗಳು ಮೊದಲು ಹೂಂ, ಊಹೂಂ ಎನ್ನುತ್ತಿದ್ದಳು. ಆಮೇಲೆ ಮಾತಾಡುತ್ತಿದ್ದಳು. ಒಬ್ಬಳು ಬೆಳಗಿನಿಂದ ಏನೂ ತಿಂದಿಲ್ಲ ಎಂದಳು. ಅವನು ಅಡುಗೆಯವರಲ್ಲಿಗೆ ಹೋಗಿ ಉಪ್ಪಿಟ್ಟು ತಂದುಕೊಟ್ಟ, ಅವಳು ತಿಂದು ಮುಗಿಸುವ ತನಕ ಕ್ಯಾಮೆರಾ ಕೆಳಗಿಟ್ಟು ಕೂತ. ಇನ್ನೊಬ್ಬಳು ತೀರಿಹೋದ ತಂದೆಯನ್ನು ನೆನೆದು ಅತ್ತಳು. ಅವನು ಅವಳ ತಾಯಿಯನ್ನು ಕರೆತಂದು ಪಕ್ಕದಲ್ಲಿ ಕೂರಿಸಿ ತಾನು ಹೊರಗೆ ನಿಂತ.

ಇದನ್ನು ಅವನು ತನ್ನ ದೊಡ್ಡ ಗುಣವೆಂದು ತಿಳಿದಿರಲಿಲ್ಲ. ನಿಜ ಹೇಳಬೇಕೆಂದರೆ ಆ ಕಾಯುವಿಕೆ ಅವನಿಗೆ ಬೇಸರ ತರಿಸುತ್ತಿತ್ತು. ಒಳ್ಳೆಯ ಲೆನ್ಸ್ ಇದ್ದಿದ್ದರೆ ಇಷ್ಟು ಹೊತ್ತಿಗೆ ಕೆಲಸ ಮುಗಿದಿರುತ್ತಿತ್ತು ಎಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದ.

ಪೇಟೆಯಲ್ಲಿ ಹೊಸ ಸ್ಟುಡಿಯೊ ಒಂದು ತೆರೆಯಿತು. ಅಲ್ಲಿಯ ಫೋಟೋಗಳಲ್ಲಿ ಮುಖ ಕೆತ್ತಿದಂತೆ ಕಾಣುತ್ತಿತ್ತು. ಮುಖದ ಹಿಂದೆ ಇದ್ದದ್ದೆಲ್ಲ ಬೆಣ್ಣೆಯಂತೆ ಕರಗಿಹೋಗಿರುತ್ತಿತ್ತು. ಜನ ಇವನ ಬಳಿ ಬಂದು, ನಮಗೂ ಹಾಗೆ ಬೇಕು ಎಂದು ಕೇಳತೊಡಗಿದರು. ಒಂದು ಮದುವೆಯಲ್ಲಿ ಆ ಸ್ಟುಡಿಯೊದವನು ಇವನ ಲೆನ್ಸನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ಏನೂ ಹೇಳದೆ ಹಿಂದಕ್ಕೆ ಕೊಟ್ಟ. ಏನಾದರೂ ಅಂದಿದ್ದರೆ ಇವನು ಮರೆತುಬಿಡುತ್ತಿದ್ದ. ಅಂದಿರಲಿಲ್ಲವಾದ್ದರಿಂದ ಅದು ಮನಸ್ಸಿನಲ್ಲಿ ಉಳಿಯಿತು.

ಅವನು ಬಹುಕಾಲ ಹೊಟ್ಟೆಬಟ್ಟೆ ಕಟ್ಟಿ ಆ ಸ್ಟುಡಿಯೊದವನ ಹತ್ತಿರ ಇದ್ದಂಥ ದುಬಾರಿ ಲೆನ್ಸ್ ಕೊಂಡ.

ಅದು ಲೋಹದ ಮೈಯದು, ಭಾರದ್ದು. ಮುಂದಿನ ಗಾಜು ಬಟ್ಟಲಿನಷ್ಟು ಅಗಲ. ಕತ್ತಲೆಯ ಕೋಣೆಯಲ್ಲೂ ಅದಕ್ಕೆ ಬೆಳಕು ಸಾಕಾಗುತ್ತಿತ್ತು. ಕ್ಯಾಮೆರಾ ಎದುರಿಗಿರುವವರ ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತಿತ್ತು. ಲೆನ್ಸ್ ಸದ್ದಿಲ್ಲದೆ ಆ ಕಣ್ಣಿಗೆ ಅಂಟಿಕೊಳ್ಳುತ್ತಿತ್ತು. ಇನ್ನು ಕಿಟಕಿಯ ಹತ್ತಿರ ಕೂರಿಸುವುದು ಬೇಕಿರಲಿಲ್ಲ. ಕಾಯುವುದು ಬೇಕಿರಲಿಲ್ಲ. ಮಾತೂ ಬೇಕಿರಲಿಲ್ಲ. ಅವನು ಬಾಗಿಲಲ್ಲಿ ನಿಂತೇ ತೆಗೆಯುತ್ತಿದ್ದ. ತೆಗೆದ ಕೂಡಲೇ ಕ್ಯಾಮೆರಾದ ಪರದೆಯಲ್ಲಿ ಚಿತ್ರವನ್ನು ಹಿಗ್ಗಿಸಿ ಕಣ್ಣನ್ನು ನೋಡುತ್ತಿದ್ದ. ರೆಪ್ಪೆಯ ಕೂದಲು ಬಿಡಿಬಿಡಿಯಾಗಿ ಕಂಡರೆ ಅವನ ಎದೆ ತುಂಬುತ್ತಿತ್ತು.

ಹೆಸರು ಹರಡಿತು. ದೂರದ ಊರುಗಳಿಂದ ಕರೆ ಬಂದವು.

ಹಾಗೆ ಕರೆ ಬಂದ ಒಂದು ಊರಿನಲ್ಲಿ ಒಬ್ಬ ವ್ಯಾಪಾರಿಯ ಮಗಳ ಮದುವೆ. ಛಾಯಾಗ್ರಾಹಕ ಮದುಮಗಳ ಕೋಣೆಗೆ ಹೋದ. ಒಳಗೆ ಚಿಕ್ಕಮ್ಮಂದಿರು, ಸೋದರತ್ತೆಯರು, ಅವರ ಮಕ್ಕಳು ಕಿಕ್ಕಿರಿದಿದ್ದರು. ಮದುಮಗಳು ಎಲ್ಲರ ನಡುವೆ ಒಂದು ಕುರ್ಚಿಯಲ್ಲಿ ಕೂತಿದ್ದಳು. ಅವನು ಎಲ್ಲರನ್ನೂ ಸ್ವಲ್ಪ ಹೊತ್ತು ಹೊರಗಿರಲು ಕೇಳಿಕೊಂಡ. ಒಬ್ಬಳದೇ ಒಂದಿಷ್ಟು ಚಿತ್ರ ಬೇಕು ಎಂದ. ಅವರಿಗೆ ಹೋಗಲು ಮನಸ್ಸಿರಲಿಲ್ಲ. ಆದರೂ ಹೋದರು.

ಬಾಗಿಲು ಮುಚ್ಚಿತು. ಅವನು ಕ್ಯಾಮೆರಾ ಎತ್ತಿದ. ಹುಡುಗಿ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಅವನ ಕಡೆ ತಿರುಗಿದಳು.

"ಅಣ್ಣಾ, ನಿಮ್ಮ ಫೋನ್ ಒಂದ್ಸಲ ಕೊಡ್ತೀರಾ?"

"ಮಾತಾಡಬೇಡಮ್ಮ, ತುಟಿ ಅಲುಗಿದ್ರೆ ಫೋಟೋ ಕೆಡುತ್ತೆ. ಹಾಗೇ ಇರು. ಹಾಗೇ ನನ್ನನ್ನೇ ನೋಡು."

ಅವಳು ಹಾಗೇ ಇದ್ದಳು. ಹಾಗೇ ಅವನನ್ನೇ ನೋಡಿದಳು. ಲೆನ್ಸ್ ಅವಳ ಕಣ್ಣನ್ನು ಹಿಡಿಯಿತು. ಅವನು ತೆಗೆದ. ಚಿತ್ರವನ್ನು ಪರದೆಯಲ್ಲಿ ಹಿಗ್ಗಿಸಿ ನೋಡಿದ. ಅಂಥ ಚಿತ್ರ ಅವನಿಗೆ ಅದುವರೆಗೆ ಸಿಕ್ಕಿರಲಿಲ್ಲ. ಕಣ್ಣುಗಳಲ್ಲಿ ದೀಪ ಹಚ್ಚಿಟ್ಟಂಥ ಹೊಳಪಿತ್ತು. ಅವನು ಪರದೆ ನೋಡುತ್ತಲೇ ಇದ್ದ. ಅಷ್ಟರಲ್ಲಿ ಬಾಗಿಲು ತೆರೆದು ಸೋದರತ್ತೆ ಒಳಗೆ ಬಂದಳು, ಅವಳ ಹಿಂದೆ ಉಳಿದವರೂ ಬಂದರು. ಹುಡುಗಿ ಮತ್ತೆ ಏನೂ ಕೇಳಲಿಲ್ಲ. ಅವನಿಗೂ ಅದು ನೆನಪಿನಲ್ಲಿ ಉಳಿಯಲಿಲ್ಲ.

ಮದುವೆ ಗಡದ್ದಾಗಿ ನಡೆಯಿತು. ಊರಿಗೆ ಮರಳಿ ಅವನು ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದಲು ಕೂತ. ಕಣ್ಣಿನ ಹೊಳಪನ್ನು ಮುಟ್ಟಲಿಲ್ಲ. ಮೂಗಿನ ಪಕ್ಕದಲ್ಲಿ ಕಾಡಿಗೆ ಸ್ವಲ್ಪ ಇಳಿದಿತ್ತು. ಅಷ್ಟನ್ನು ಒರೆಸಿಹಾಕಿದ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ತನ್ನ ಸ್ಟುಡಿಯೊದ ಮುಂದಿನ ಗಾಜಿನಲ್ಲಿ ನಿಲ್ಲಿಸಿದ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಹೆಣ್ಣು ಹೆತ್ತವರು ಒಳಗೆ ಬಂದು, ನಮ್ಮ ಹುಡುಗಿಯದೂ ಹೀಗೇ ಬರಬೇಕು ಎಂದು ಹೇಳಿ ಮುಂಗಡ ಕೊಟ್ಟು ಹೋದರು.

ಕೆಲವು ತಿಂಗಳು ಕಳೆದವು. ಒಂದು ಬೆಳಿಗ್ಗೆ ಆ ವ್ಯಾಪಾರಿ ಸ್ಟುಡಿಯೊಗೆ ಬಂದ. ಗಾಜಿನ ಮುಂದೆ ಬಹಳ ಹೊತ್ತು ನಿಂತಿದ್ದು ಆಮೇಲೆ ಮೆಟ್ಟಿಲು ಹತ್ತಿದ. ಛಾಯಾಗ್ರಾಹಕ ಎದ್ದು ಕುರ್ಚಿ ಕೊಟ್ಟ. ವ್ಯಾಪಾರಿ ಕೂರಲಿಲ್ಲ. ಆ ಚಿತ್ರವನ್ನು ದೊಡ್ಡದು ಮಾಡಿ ಕಟ್ಟುಹಾಕಿಸಿ ಕೊಡಬೇಕು ಎಂದ. ಛಾಯಾಗ್ರಾಹಕ ಸಂತೋಷದಿಂದ, ಅಳಿಯಂದಿರ ಮನೆಗೋ ನಿಮ್ಮ ಮನೆಗೋ ಎಂದು ಕೇಳಿದ. ಹಾರ ಹಾಕೋದಕ್ಕೆ ಎಂದ ವ್ಯಾಪಾರಿ.

ಹುಡುಗಿ ಗಂಡನ ಮನೆಯಲ್ಲಿ ಹೋಗಿಬಿಟ್ಟಿದ್ದಳು. ಹೇಗೆ ಎಂಬುದನ್ನು ವ್ಯಾಪಾರಿ ಹೇಳಲಿಲ್ಲ. ಹೇಳದೆ ಬಿಟ್ಟದ್ದರಿಂದಲೇ ಛಾಯಾಗ್ರಾಹಕನಿಗೆ ತಿಳಿಯಿತು.

ವ್ಯಾಪಾರಿ ಗಾಜಿನ ಕಡೆಗೆ ಕೈ ತೋರಿಸಿದ.

"ನೀವು ಹತ್ತಿರದಿಂದ ನೋಡಿದವರು. ಅವತ್ತು ಖುಷಿಯಾಗೇ ಇದ್ದಳಲ್ವಾ? ಕಣ್ಣು ಹೇಗೆ ಹೊಳೀತಿವೆ ನೋಡಿ."

"ಹೌದು ಯಜಮಾನರೇ, ಖುಷಿಯಾಗೇ ಇದ್ದಳು" ಎಂದ ಛಾಯಾಗ್ರಾಹಕ.

ವ್ಯಾಪಾರಿ ತಲೆಯಾಡಿಸಿದ. ಆ ಮಾತು ಅವನಿಗೆ ಬೇಕಿತ್ತು. ಸಂಜೆಗೆ ಬರುತ್ತೇನೆ ಎಂದು ಹೇಳಿ ಹೋದ.

ಛಾಯಾಗ್ರಾಹಕ ಪ್ರಿಂಟಿಗೆಂದು ಆ ಮದುವೆಯ ಚಿತ್ರಗಳನ್ನು ತೆರೆದ. ತಿದ್ದುವ ಮೊದಲಿನ ಮೂಲ ಚಿತ್ರ ಬಂತು. ಅದನ್ನು ಹಿಗ್ಗಿಸಿದ. ರೆಪ್ಪೆಯ ಕೂದಲು ಬಿಡಿಬಿಡಿಯಾಗಿ ಕಂಡವು. ಕೆಳರೆಪ್ಪೆಯ ಅಂಚಿನುದ್ದಕ್ಕೂ ನೀರು ನಿಂತಿತ್ತು. ಅವನು ಹೊಳಪು ಎಂದುಕೊಂಡದ್ದು ಅದು. ಕಾಡಿಗೆ ಇಳಿದಿದ್ದ ಜಾಗದಲ್ಲಿ ಒಂದು ಹನಿ ಹರಿದು ಹೋದ ಗೆರೆ ಇತ್ತು.

ಅವನ ಕ್ಯಾಮೆರಾ ಗುಂಡಿ ಒತ್ತಿದಷ್ಟು ಹೊತ್ತು ಒಂದರ ಹಿಂದೆ ಒಂದು ಚಿತ್ರ ತೆಗೆಯುವಂಥದ್ದು. ಆ ಚಿತ್ರಕ್ಕೂ ಮೊದಲು, ಹುಡುಗಿ ಅವನ ಕಡೆ ತಿರುಗಿದ ಕೂಡಲೇ ತೆಗೆದ ಇನ್ನೂ ಕೆಲವು ಇದ್ದವು. ಅವು ಕೆಟ್ಟವೆಂದು ಆವತ್ತು ಅವನು ನೋಡಿಯೂ ಇರಲಿಲ್ಲ. ಈಗ ನೋಡಿದ. ಹುಡುಗಿಯ ಬಾಯಿ ಅರೆ ತೆರೆದಿತ್ತು. ಏನೋ ಹೇಳುತ್ತಿದ್ದಳು. ಏನು ಎಂದು ಅವನು ಯೋಚಿಸಿದ. ಮೊದಲು ಹೊಳೆಯಲಿಲ್ಲ. ಒಂದೊಂದನ್ನೇ ಮುಂದೆ ಸರಿಸುತ್ತ ಹೋದ. ಲೆನ್ಸ್ ಎಷ್ಟು ಸ್ಪಷ್ಟವಾಗಿತ್ತೆಂದರೆ, ತುಟಿಗಳು ದುಂಡಾಗಿ ಒಂದು ಮಾತಿನ ಆಕಾರಕ್ಕೆ ಬಂದದ್ದೂ ಕಾಣುತ್ತಿತ್ತು. ಆಗ ಆ ಮಾತು ಅವನ ಕಿವಿಗೆ ಕೇಳಿಸಿತು.

ಮದುಮಗಳ ಕೈಯಲ್ಲಿ ಫೋನ್ ಇಲ್ಲದಿರುವುದು ಏಕೆ ಎಂದು ಅವನು ಆವತ್ತು ಕೇಳಿರಲಿಲ್ಲ. ಯಾರಿಗೆ ಮಾಡಬೇಕಮ್ಮ ಎಂದು ಕೇಳಿರಲಿಲ್ಲ. ಅವನ ಫೋನ್ ಅಂಗಿಯ ಜೇಬಿನಲ್ಲೇ ಇತ್ತು. ಕೈ ಹಾಕಿ ತೆಗೆದುಕೊಡಲು ಚಿತ್ರ ತೆಗೆಯುವಷ್ಟು ಹೊತ್ತೂ ಹಿಡಿಯುತ್ತಿರಲಿಲ್ಲ.

ಸಂಜೆ ವ್ಯಾಪಾರಿ ಬಂದ. ತಿದ್ದಿದ ಚಿತ್ರವನ್ನೇ ಛಾಯಾಗ್ರಾಹಕ ಕಟ್ಟುಹಾಕಿಸಿ ಇಟ್ಟಿದ್ದ. ವ್ಯಾಪಾರಿ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದೆಗವಚಿ ಹಿಡಿದು ಹೋದ. ಇನ್ನೊಂದು ಚಿತ್ರ ಇದೆ ಎಂದು ಹೇಳಲು ಛಾಯಾಗ್ರಾಹಕನಿಗೆ ಬಾಯಿ ಬರಲಿಲ್ಲ. ಹೇಳಿದ್ದರೆ ಆ ತಂದೆಗೆ ಒಳ್ಳೆಯದಾಗುತ್ತಿತ್ತೋ ಕೆಟ್ಟದಾಗುತ್ತಿತ್ತೋ ಅವನಿಗೆ ಕೊನೆಗೂ ತೀರ್ಮಾನವಾಗಲಿಲ್ಲ.

ಗಾಜಿನಲ್ಲಿದ್ದ ಚಿತ್ರವನ್ನು ಅವನು ತೆಗೆದ. ದುಬಾರಿ ಲೆನ್ಸನ್ನು ಅದರ ಪೆಟ್ಟಿಗೆಯಲ್ಲಿಟ್ಟು ಬೀರುವಿಗೆ ಹಾಕಿದ. ಹಳೆಯ ಅಗ್ಗದ ಲೆನ್ಸನ್ನು ಕ್ಯಾಮೆರಾಕ್ಕೆ ಸಿಕ್ಕಿಸಿದ. ಮೊದಲಿನಂತೆ ಮಾಡುತ್ತೇನೆ ಎಂದುಕೊಂಡ.

ಮುಂದಿನ ಮದುವೆಯಲ್ಲಿ ಮದುಮಗಳನ್ನು ಕಿಟಕಿಯ ಬಳಿ ಕೂರಿಸಿದ. ಯಾವೂರಮ್ಮ ಎಂದು ಕೇಳಿದ. ಅವಳು ಹೇಳಿದಳು. ಅವಳು ಹೇಳಿದ್ದು ಅವನಿಗೆ ಕೇಳಿಸಲೇ ಇಲ್ಲ. ಅವನು ಅವಳ ಕಣ್ಣಂಚನ್ನೇ ನೋಡುತ್ತಿದ್ದ. ಫೋನ್ ಬೇಕಾಮ್ಮ ಎಂದು ಕೇಳಿದ. ಅವಳು ನಕ್ಕು, ನನ್ನ ಹತ್ರಾನೇ ಇದೆಯಲ್ಲ ಅಣ್ಣಾ ಎಂದು ಎತ್ತಿ ತೋರಿಸಿದಳು. ಅದರ ಮುಂದಿನ ಮದುವೆಯಲ್ಲೂ ಅವನು ಹಾಗೇ ಕೇಳಿದ. ಅದರ ಮುಂದಿನದರಲ್ಲೂ ಕೇಳಿದ. ಒಬ್ಬ ಮದುಮಗಳನ್ನು, ಈ ಮದುವೆ ನಿನಗೆ ಇಷ್ಟವೇನಮ್ಮ ಎಂದು ಕೇಳಿಬಿಟ್ಟ. ಬಾಗಿಲಲ್ಲಿದ್ದ ಅವಳ ಸೋದರಮಾವ ಅದನ್ನು ಕೇಳಿಸಿಕೊಂಡ. ಅಂಗಿಯ ಕೊರಳಪಟ್ಟಿ ಹಿಡಿದು ಅವನನ್ನು ಹೊರಗೆ ತಳ್ಳಿದ. ಆ ಹುಡುಗಿ ಇಷ್ಟಪಟ್ಟೇ ಮದುವೆಯಾಗುತ್ತಿದ್ದಳು. ಶುಭದ ದಿನ ಅವಳೂ ಕಣ್ಣೀರು ಹಾಕಿದಳು.

ಆ ಸುದ್ದಿ ಪೇಟೆಯಲ್ಲಿ ಹರಡಿತು. ಹೆಣ್ಣುಮಕ್ಕಳ ಕೋಣೆಗೆ ಬಿಡುವ ಮನುಷ್ಯನಲ್ಲ ಎಂದು ಜನ ಮಾತಾಡಿಕೊಂಡರು. ಕರೆಗಳು ನಿಂತವು. ಅವನು ಯಾರಿಗೂ ಏನನ್ನೂ ಬಿಡಿಸಿ ಹೇಳಲಿಲ್ಲ. ಹೇಳಲು ಹೋದರೆ ಹುಡುಗಿ ಖುಷಿಯಾಗಿದ್ದಳೆಂದು ವ್ಯಾಪಾರಿಗೆ ಹೇಳಿದ ಸುಳ್ಳನ್ನೂ ಹೇಳಬೇಕಾಗುತ್ತಿತ್ತು, ಅದು ಆ ತಂದೆಯ ಕಿವಿಗೂ ಬೀಳುತ್ತಿತ್ತು. ಈಗ ಅವನು ಕಚೇರಿಗಳ ಅರ್ಜಿಗೆ ಅಂಟಿಸುವ ಸಣ್ಣ ಫೋಟೋಗಳನ್ನು ತೆಗೆಯುತ್ತಾನೆ. ಅವುಗಳಲ್ಲಿ ಯಾರೂ ನಗಬೇಕಾಗಿಲ್ಲ. ಬಂದವರು ಬಿಳಿ ಪರದೆಯ ಮುಂದೆ ಕೂರುತ್ತಾರೆ, ಎದ್ದು ಹೋಗುತ್ತಾರೆ. ಎದುರಿಗೆ ಕೂತವರು ಏನಾದರೂ ಹೇಳಲು ಬಾಯಿ ತೆರೆದರೆ ಅವನು ಕೈ ನಿಲ್ಲಿಸಿ ಕಾಯುತ್ತಾನೆ. ಸಾಮಾನ್ಯವಾಗಿ ಅವರು ಕೇಳುವುದು, ಫೋಟೋ ಎಷ್ಟು ಹೊತ್ತಿಗೆ ಸಿಗುತ್ತದೆ ಎಂದು.

ಇಲ್ಲಿಗೆ ಮೇಷ್ಟ್ರು ಕತೆ ನಿಲ್ಲಿಸಿದರು.

ತಿಪ್ಪೇಶ ನಿಟ್ಟುಸಿರಿಟ್ಟ. ಪಾಪ, ಹೀಗಾಗಬಾರದಿತ್ತು ಎಂದ. ಆಮೇಲೆ ಕೇಳಿದ.

"ಗುರುಗಳೇ, ಆ ಬೀರುವಿನಲ್ಲಿಟ್ಟ ಲೆನ್ಸ್ ಯಾವುದು? ಅವರು ಅದನ್ನ ಕೊಡೋ ಹಾಗಿದ್ದಾರಾ?"

ಮೇಷ್ಟ್ರು ಅವನ ಮುಖವನ್ನು ನೋಡಿದರು.

"ತಿಪ್ಪೇಶ, ಆ ಹುಡುಗಿಯ ಹೆಸರೇನು ಅಂತ ನೀನು ಕೇಳಲಿಲ್ಲ."